ಪಿಸ್ತೂಲು ಅಗ್ಗದ್ದಿರಲಿ, ಹಿಡಿ ನಿಮ್ಮದಿರಲಿ

ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ನನ್ನ ಫೋನಿಗೆ ಬರುವ ಫೋಟೋಗಳೇ ಬೇರೆ. 2024ರ ಜುಲೈ 28ಕ್ಕೆ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಎರಡು ದಿನ ಬಿಟ್ಟು ಸರಬ್‌ಜೋತ್ ಸಿಂಗ್ ಜೊತೆ ಸೇರಿ ಇನ್ನೊಂದು ಕಂಚು. ಅಲ್ಲಿಂದ ದಾವಣಗೆರೆಯ ಅಪ್ಪ ಅಮ್ಮಂದಿರು ನನಗೆ ಪಿಸ್ತೂಲಿನ ಫೋಟೋ ಕಳಿಸೋಕೆ ಶುರು ಮಾಡಿದರು. ಯಾವುದೋ ಆ್ಯಪಿನ ಸ್ಕ್ರೀನ್‌ಶಾಟ್, ಕೆಳಗೆ ಒಂದೇ ಸಾಲು. "ಸರ್, ಇದು ಆರು ಸಾವಿರಕ್ಕೆ ಬರ್ತಿದೆ, ಮಗಳಿಗೆ ಸಾಕಾಗುತ್ತಾ?" ಇನ್ನೊಬ್ಬರದು, "ಇದನ್ನೇ ತಗೊಂಡು ಆಮೇಲೆ ಒಂದೊಂದೇ ಪಾರ್ಟ್ ಹಾಕಿಸ್ತಾ ಹೋದ್ರೆ ದೊಡ್ಡ ಪಿಸ್ತೂಲಿನ ಮಟ್ಟಕ್ಕೆ ಬರುತ್ತಂತೆ, ಹೌದಾ?" ನಾನು ಕೋಚ್ ಅಲ್ಲ. ಹದಡಿ ರಸ್ತೆ ಕಡೆ ಗೆಳೆಯರೊಬ್ಬರ ಹಳೇ ಗೋಡೌನಿನಲ್ಲಿ ನಾವೇ ಅಳೆದು ಮಾಡಿಕೊಂಡ ಜಾಗದಲ್ಲಿ ಸಂಜೆ ಹೊತ್ತು ಗುರಿ ಹೊಡೆಯುವವನು, ಜೊತೆಗೆ ಬರುವ ಮಕ್ಕಳಿಗೆ ಗೊತ್ತಿದ್ದಷ್ಟು ಹೇಳಿಕೊಡುವವನು. ಆದರೂ ಈ ಪ್ರಶ್ನೆಗೆ "ಸಾಕು" ಅಂತಲೋ "ಬೇಡ" ಅಂತಲೋ ಒಂದೇ ಮಾತಲ್ಲಿ ಉತ್ತರ ಕಳಿಸಿದಾಗಲೆಲ್ಲ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಎರಡೂ ಅರ್ಧ ನಿಜ. ಹಾಗಾಗಿ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಕೇಳುವವರು ಶ್ರೀಮಂತರಲ್ಲ ಅನ್ನೋದು ಇಲ್ಲಿ ಮುಖ್ಯ. ಪಂದ್ಯದಲ್ಲಿ ಎಲ್ಲರ ಕೈಯಲ್ಲಿ ಕಾಣುವ ಮೊರಿನಿ, ಸ್ಟೈಯರ್, ಪಾರ್ದಿನಿ, ವಾಲ್ಥರ್ ಪಿಸ್ತೂಲುಗಳು ಹೊಸದಾದರೆ ಎರಡು ಲಕ್ಷದ ಆಸುಪಾಸು. ಮೆಕ್ಕೆಜೋಳ ಮಾರಿ ವರ್ಷದ ಲೆಕ್ಕ ಹಾಕುವ ಮನೆಯವರಿಗೆ, ಬಟ್ಟೆ ಅಂಗಡಿಯಲ್ಲಿ ಸಂಬಳಕ್ಕೆ ನಿಲ್ಲುವವರಿಗೆ ಆ ದುಡ್ಡು ತಮಾಷೆಯಲ್ಲ. ಮಗು ಆರು ತಿಂಗಳಲ್ಲಿ ಬೇಜಾರಾಗಿ ಬಿಟ್ಟರೆ ಏನು ಗತಿ ಅನ್ನುವ ಭಯವೂ ಇರುತ್ತದೆ. ಅವರ ಪ್ರಶ್ನೆ ನ್ಯಾಯವಾದದ್ದು.

ಇನ್ನೊಂದು ಫೋಟೋನೂ ಬರುತ್ತಿರುತ್ತದೆ. ಟರ್ಕಿಯ ಯೂಸುಫ್ ಡಿಕೆಚ್ ಒಂದು ಕೈ ಜೇಬಿನಲ್ಲಿಟ್ಟುಕೊಂಡು, ಸಾದಾ ಕನ್ನಡಕದಲ್ಲಿ ಗುರಿ ಹಿಡಿದು ಬೆಳ್ಳಿ ಗೆದ್ದ ಫೋಟೋ. "ನೋಡಿ ಸರ್, ಏನೂ ಬೇಕಿಲ್ಲ" ಅನ್ನುತ್ತಾರೆ. ಶೂಟಿಂಗಿಗೆಂದೇ ಮಾಡಿದ ಕನ್ನಡಕ, ಕಣ್ಣಿನ ಪರದೆ ಇಲ್ಲದೆಯೂ ಆಗುತ್ತದೆ ಅನ್ನೋದಕ್ಕೆ ಆ ಫೋಟೋ ಸಾಕ್ಷಿ. ಆದರೆ ಅವರ ಕೈಯಲ್ಲಿದ್ದದ್ದು ಪಂದ್ಯದ ದರ್ಜೆಯ ಪಿಸ್ತೂಲೇ. ಅದರ ಹಿಂದೆ ದಶಕಗಳ ಅಭ್ಯಾಸ ಇದೆ. ಹಾಗಾಗಿ ಆ ಫೋಟೋ ತೋರಿಸಿ ಆರು ಸಾವಿರದ ಪಿಸ್ತೂಲಿನ ವಾದ ಗೆಲ್ಲೋಕಾಗಲ್ಲ.

ಕಾನೂನಿನ ಮಾತು, ಬೇಗ

ನಾನು ಇಲ್ಲಿ ಹೇಳುತ್ತಿರುವುದು ಏರ್ ಪಿಸ್ತೂಲಿನ ಬಗ್ಗೆ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ .177, ಅಂದರೆ 4.5 ಮಿ.ಮೀ. ಮೀರದಿದ್ದರೆ ಮತ್ತು ಶಕ್ತಿ 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಪಂದ್ಯದ ಏರ್ ಪಿಸ್ತೂಲಿನ ಶಕ್ತಿ 6 ಜೂಲಿನ ಹತ್ತಿರ ಇರುತ್ತದೆ, ಹಾಗಾಗಿ ಆ ಚಿಂತೆ ಇಲ್ಲ. ಅಷ್ಟಕ್ಕೇ ಅದು ಆಟಿಕೆ ಅಂತ ತಿಳಿಯಬೇಡಿ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಚನ್ನಗಿರಿ ಕಡೆ ಅಡಿಕೆ ತೋಟದವರ ಮನೆಗಳಲ್ಲಿ ಲೈಸೆನ್ಸ್ ಇರುವ ಕೋವಿ ಇದ್ದೇ ಇರುತ್ತದೆ, ಕೆಲವರ ಬಳಿ ಇಛಾಪುರದ ಸರ್ಕಾರಿ ಕಾರ್ಖಾನೆಯ .32 ಅಶನಿ ಪಿಸ್ತೂಲೂ ಇರಬಹುದು. ಅಮೆರಿಕದವರ ವಿಡಿಯೋ ನೋಡಿ ಅದಕ್ಕೆ ಟ್ರಿಗರ್ ಬದಲಾಯಿಸೋಣ, ನಳಿಗೆ ಬದಲಾಯಿಸೋಣ ಅಂತ ಕೇಳುವ ಹುಡುಗರು ಸಿಗುತ್ತಾರೆ. ಅಲ್ಲಿ ಅಂಗಡಿಗೆ ಹೋಗಿ ಪಾರ್ಟ್ ತಂದು ಮನೆ ಮೇಜಿನ ಮೇಲೆ ಜೋಡಿಸಿದಂತೆ ಇಲ್ಲಿ ಮಾಡೋಕಾಗಲ್ಲ. 1959ರ ಕಾಯ್ದೆಯಲ್ಲಿ ಬಂದೂಕು ರಿಪೇರಿ ಮಾಡೋದಕ್ಕೂ, ಮಾರ್ಪಾಡು ಮಾಡೋದಕ್ಕೂ ಲೈಸೆನ್ಸ್ ಇರುವ ಅಂಗಡಿಯವರೇ ಬೇಕು. ಲೇತ್ ಗೊತ್ತಿರುವ ಸ್ನೇಹಿತ ಇದ್ದಾನೆ ಅಂತ ಕೊಟ್ಟರೆ ಇಬ್ಬರೂ ಜೈಲಿಗೆ ಹೋಗುತ್ತೀರಿ. ಆ ಮಾತು ಇಲ್ಲಿಗೆ ಸಾಕು.

ಅಗ್ಗದ್ದು ಯಾಕೆ ಅಗ್ಗ

ನಮ್ಮೂರಲ್ಲಿ ಬಹಳ ಜನ ಮೊದಲ ಸಲ ಟ್ರಿಗರ್ ಎಳೆದದ್ದು ದುಗ್ಗಮ್ಮನ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಸಾಲಾಗಿ ಬಲೂನಿನ ಅಂಗಡಿಗಳು, ಸರಪಳಿ ಕಟ್ಟಿದ ಬಂದೂಕು. ಅದರೊಳಗೆ ಇರುವುದೂ ಅಗ್ಗದ ಪಿಸ್ತೂಲಿನೊಳಗೆ ಇರುವುದೂ ಒಂದೇ ಯಂತ್ರ. ನಳಿಗೆ ಮಡಚಿದಾಗ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಟ್ರಿಗರ್ ಎಳೆದಾಗ ಪಿಸ್ಟನ್ ರಭಸವಾಗಿ ಮುಂದಕ್ಕೆ ನುಗ್ಗುತ್ತದೆ, ಅದು ಒತ್ತಿದ ಗಾಳಿ ಪೆಲೆಟ್ಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ದೂಡುತ್ತದೆ. ಸರಳ, ಗಟ್ಟಿ, ಸಿಲಿಂಡರ್ ಇಲ್ಲ, ಪಂಪ್ ಇಲ್ಲ. ಹಳ್ಳಿಯಲ್ಲೂ ನಡೆಯುತ್ತದೆ. ತೊಂದರೆ ಏನಂದರೆ ಪಿಸ್ಟನ್ ಮುಂದಕ್ಕೆ ನುಗ್ಗಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮತ್ತೆ ಮುಂದಕ್ಕೆ ಎಳೆಯುತ್ತದೆ. ಇದೆಲ್ಲ ನಡೆಯುವಾಗ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುತ್ತದೆ. ನೀವು ಎಷ್ಟೇ ಚೆನ್ನಾಗಿ ಗುರಿ ಹಿಡಿದಿದ್ದರೂ ಪೆಲೆಟ್ ಹೊರಬೀಳುವ ಹೊತ್ತಿಗೆ ಪಿಸ್ತೂಲು ಕೈಯಲ್ಲಿ ಕುಣಿದಿರುತ್ತದೆ.

ದುಬಾರಿ ಪಿಸ್ತೂಲಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ. ರೆಗ್ಯುಲೇಟರ್ ಪ್ರತಿ ಸಲವೂ ಒಂದೇ ಅಳತೆ ಗಾಳಿ ಬಿಡುತ್ತದೆ. ಕೈಗೆ ಬಹುತೇಕ ಏನೂ ಗೊತ್ತಾಗುವುದಿಲ್ಲ, ಟಪ್ ಅಂತ ಸದ್ದು ಅಷ್ಟೇ.

ಆದರೆ ನನ್ನ ಪ್ರಕಾರ ಒದೆತಕ್ಕಿಂತ ದೊಡ್ಡ ವ್ಯತ್ಯಾಸ ಟ್ರಿಗರ್. ಅಂತರರಾಷ್ಟ್ರೀಯ ನಿಯಮದಲ್ಲಿ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಹೊರಬೇಕು. ಪಂದ್ಯಕ್ಕೆ ಮೊದಲು ಟ್ರಿಗರಿಗೆ ತೂಕದ ಬಟ್ಟು ತೂಗುಹಾಕಿ ಎತ್ತಿ ನೋಡುತ್ತಾರೆ. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ಕಿಲೋ ಹತ್ತಿರ ಇರುತ್ತದೆ. ಅಂದರೆ ಪಿಸ್ತೂಲಿನ ಅರ್ಧ ತೂಕದಷ್ಟು ಒತ್ತಿದರೆ ಸಾಕು, ಗುಂಡು ಹೋಗುತ್ತದೆ. ಅಗ್ಗದ ಪಿಸ್ತೂಲಿನಲ್ಲಿ ಇದು ತಲೆಕೆಳಗು. ಒಂದು ಕಿಲೋ ಪಿಸ್ತೂಲಿಗೆ ಎರಡು ಕಿಲೋ ಹತ್ತಿರದ ಟ್ರಿಗರ್. ಒಂದೇ ಕೈಯಲ್ಲಿ ಚಾಚಿ ಹಿಡಿದ ವಸ್ತುವನ್ನು ಅದರ ತೂಕಕ್ಕಿಂತ ಜಾಸ್ತಿ ಬಲದಿಂದ ಒಂದು ಬೆರಳು ಎಳೆಯುತ್ತಿದೆ, ಅದು ಅಲುಗಾಡದೆ ಇರಬೇಕು. ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಅಲುಗಾಡಿದರೆ ಏನಾಗುತ್ತದೆ ಅನ್ನೋದಕ್ಕೂ ಲೆಕ್ಕ ಇದೆ. ನಳಿಗೆಯ ತುದಿಯಲ್ಲಿ ನಿಂತಿರುವ ಗುರಿಕಡ್ಡಿಗೂ, ಅದನ್ನು ನಡುವೆ ಇಟ್ಟು ನೋಡೋಕೆ ಹಿಂದೆ ಇರುವ ಗುರಿಗಂಡಿಗೂ ಸುಮಾರು 32 ಸೆಂ.ಮೀ. ದೂರ ಅಂತಿಟ್ಟುಕೊಳ್ಳಿ. ಮುಂದಿನ ಕಡ್ಡಿ ಗಂಡಿಯ ನಡುವಿನಿಂದ ಒಂದೇ ಒಂದು ಮಿ.ಮೀ. ಸರಿದರೆ 10 ಮೀಟರ್ ಆಚೆಯ ಕಾಗದದಲ್ಲಿ ಅದು 31 ಮಿ.ಮೀ. ಆಗುತ್ತದೆ. ಹತ್ತರ ಉಂಗುರದ ಅಗಲ 11.5 ಮಿ.ಮೀ. ಮಾತ್ರ, ಒಂದೊಂದು ಉಂಗುರಕ್ಕೂ 8 ಮಿ.ಮೀ. ಅಂತರ. ಬೆರಳಿನ ಒಂದು ಮಿ.ಮೀ. ತಪ್ಪಿಗೆ ಹತ್ತು ಹೋಗಿ ಏಳು. ಅದೇ ಕಡ್ಡಿ ಗಂಡಿಯ ನಡುವೆಯೇ ಇದ್ದು ಇಡೀ ಕೈ ಸ್ವಲ್ಪ ತೇಲಾಡಿದರೆ ಇಷ್ಟು ನಷ್ಟ ಆಗುವುದಿಲ್ಲ. ಹೊಸಬರು ಕೈ ನಡುಗುತ್ತೆ ಅಂತ ಚಿಂತೆ ಮಾಡುತ್ತಾರೆ, ನಿಜವಾಗಿ ಅಂಕ ತಿನ್ನುವುದು ಟ್ರಿಗರ್ ಎಳೆಯುವಾಗ ಮುರಿಯುವ ಮಣಿಕಟ್ಟು.

ಇದನ್ನೆಲ್ಲ ಓದಿದ ಮೇಲೆ ಅಗ್ಗದ್ದು ಬೇಡವೇ ಬೇಡ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳೋಕೆ ಹಳೇ ಪೇಟೆಗೆ ಹೋಗಬೇಕು.

ಆಚಾರ್ರ ಅಂಗಡಿಯಲ್ಲಿ

ನಿಟುವಳ್ಳಿಯಿಂದ ಒಬ್ಬಳು ಹುಡುಗಿ ಬರುತ್ತಾಳೆ. ಒಂಬತ್ತನೇ ಕ್ಲಾಸು, ಸಣ್ಣ ಕೈ. ಅವಳಪ್ಪ ಕೊಡಿಸಿದ್ದು ಅದೇ ಐದಾರು ಸಾವಿರದ ಸ್ಪ್ರಿಂಗ್ ಪಿಸ್ತೂಲು. ಶ್ರದ್ಧೆ ಇತ್ತು, ನಿಲ್ಲುವ ಭಂಗಿ ಚೆನ್ನಾಗಿತ್ತು, ಆದರೆ ಗುಂಡುಗಳೆಲ್ಲ ಎಡಕ್ಕೆ. ಗುರಿ ತಿರುಪು ತಿರುಗಿಸಿ ಸರಿ ಮಾಡಿದರೆ ಒಂದು ದಿನ ಸರಿ, ಮಾರನೇ ದಿನ ಮತ್ತೆ ಎಡಕ್ಕೆ. ಪಕ್ಕದಲ್ಲಿ ಕೂತು ಅವಳ ಬೆರಳನ್ನೇ ನೋಡಿದಾಗ ಗೊತ್ತಾಯಿತು. ಪಿಸ್ತೂಲಿನ ಪ್ಲಾಸ್ಟಿಕ್ ಹಿಡಿ ದೊಡ್ಡವರ ಕೈಗೆ ಮಾಡಿದ್ದು, ಅದೂ ಎಡಗೈಯವರಿಗೂ ಬಲಗೈಯವರಿಗೂ ಆಗಲಿ ಅಂತ ಎರಡೂ ಕಡೆ ಒಂದೇ ದಪ್ಪ. ಅವಳ ತೋರುಬೆರಳು ಟ್ರಿಗರ್ ತನಕ ಪೂರ್ತಿ ತಲುಪುತ್ತಿರಲಿಲ್ಲ. ಬೆರಳಿನ ತುದಿ ಮಾತ್ರ ಮುಟ್ಟುತ್ತಿತ್ತು. ತುದಿಯಿಂದ ಎಳೆದರೆ ನೇರ ಹಿಂದಕ್ಕೆ ಬರುವುದಿಲ್ಲ, ಓರೆಯಾಗಿ ಎಡಕ್ಕೆ ದೂಡುತ್ತದೆ.

ಚೌಕಿಪೇಟೆ ಹತ್ತಿರ ಒಬ್ಬ ಬಡಗಿ ಆಚಾರ್ರು ಇದ್ದಾರೆ. ಬಾಗಿಲು, ಮಂಚ, ದೇವರ ಮಂಟಪ ಮಾಡುವವರು. ಹುಡುಗಿಯನ್ನೂ ಅವಳಪ್ಪನನ್ನೂ ಕರೆದುಕೊಂಡು ಹೋದೆ. ಪಿಸ್ತೂಲು ಖಾಲಿ ಇದೆ ಅಂತ ನಳಿಗೆ ಮಡಚಿ ತೋರಿಸಿ, ಹಿಡಿಯ ಎರಡು ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿಗಳನ್ನು ಮಾತ್ರ ಅವರ ಕೈಗೆ ಕೊಟ್ಟೆ. ಅವರು ಪಿಸ್ತೂಲಿನ ಕಡೆ ನೋಡಲೇ ಇಲ್ಲ. "ಕೈ ತೋರ್ಸವ್ವ" ಅಂದರು. ಅವಳ ಅಂಗೈ ತಿರುಗಿಸಿ, ಹೆಬ್ಬೆರಳಿನ ಬುಡದಿಂದ ತೋರುಬೆರಳಿನ ಮೊದಲ ಗೆಣ್ಣಿನ ತನಕ ದಾರ ಹಿಡಿದು ಅಳೆದರು. ಆಮೇಲೆ ತಮ್ಮ ಕೀಸುಳಿ ಎತ್ತಿ ತೋರಿಸಿದರು, ಅದರ ಹಿಡಿ ಅವರ ಕೈಯ ಆಕಾರಕ್ಕೇ ಸವೆದು ಹೊಳೆಯುತ್ತಿತ್ತು. "ಹಿಡಿ ಒಗ್ಗದಿದ್ರೆ ಸಂಜೆಗೆ ಮುಂಗೈ ಹಿಡ್ಕಂತತಿ ಸಾರ್. ಇದೂ ಹಂಗೇ ಅಲ್ವಾ?" ನಾನು ತಲೆಯಾಡಿಸಿದೆ. ಅಷ್ಟು ಚೆನ್ನಾಗಿ ನಾನು ಯಾರಿಗೂ ವಿವರಿಸಿಲ್ಲ.

ಮಿಕ್ಕಿದ್ದ ಸಾಗುವಾನಿ ತುಂಡಿನಲ್ಲಿ ಎರಡು ಪಟ್ಟಿ ಮಾಡಿದರು. ಅಂಗೈ ಕೂರುವ ಬಲಗಡೆ ಪಟ್ಟಿ ತೆಳು, ಬೆರಳುಗಳು ಸುತ್ತುವ ಎಡಗಡೆ ಸ್ವಲ್ಪ ದಪ್ಪ. ಬಲಗಡೆ ತೆಳುವಾದ ತಕ್ಷಣ ಬೆರಳು ಟ್ರಿಗರಿಗೆ ಸರಿಯಾಗಿ ತಲುಪಿತು. ಆಮೇಲೆ ಅಂಗೈಯ ಕೆಳಬದಿಗೆ ಒರಗು ಕೊಡೋದಕ್ಕೆ ಒಂದು ಪುಟ್ಟ ಹಲಗೆ. ಇದು ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಇರಬಾರದು, ಕೈಯನ್ನು ಮೇಲಕ್ಕೆ ಅಪ್ಪಿಕೊಳ್ಳುವ ಹಾಗೆ ಬಾಗಬಾರದು, ಹಿಡಿ ಮಣಿಕಟ್ಟಿಗೆ ಆಸರೆ ಆಗಬಾರದು. ಪಂದ್ಯದ ನಿಯಮ ಹಾಗಿದೆ. ಇಡೀ ಪಿಸ್ತೂಲು 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು ಅನ್ನುವ ನಿಯಮವೂ ಇದೆ. ಮೊದಲಿನಿಂದಲೇ ಅದಕ್ಕೆ ಸರಿಯಾಗಿ ಮಾಡಿಸಿದರೆ ಮಗು ತಪ್ಪು ಹಿಡಿತಕ್ಕೆ ಒಗ್ಗಿಕೊಳ್ಳುವುದಿಲ್ಲ.

ಕೊನೆಯ ಕೆಲಸ ಎಂ-ಸೀಲ್‌ನದು. ನಲ್ಲಿ ಸೋರಿದರೆ ಹಚ್ಚುವ ಅದೇ ಎಂ-ಸೀಲ್. ಎರಡೂ ಬಣ್ಣ ಕಲಸಿ, ಹೆಬ್ಬೆರಳಿನ ಬುಡಕ್ಕೆ ಖಾಲಿ ಉಳಿದ ಕಡೆ ಮೆತ್ತಿದೆವು. ಅದರ ಮೇಲೆ ತೊಳೆದ ಹಾಲಿನ ಪ್ಯಾಕೆಟ್ಟಿನ ತುಂಡು, ಅವಳ ಕೈಗೆ ಒಂಚೂರು ಕೊಬ್ಬರಿ ಎಣ್ಣೆ. "ಪಂದ್ಯದಲ್ಲಿ ಹಿಡಿದ ಹಾಗೇ ಹಿಡಿ, ಗೋಡೆ ಕಡೆ ನೋಡು" ಅಂದೆ. ಅವಳು ಕೈ ಚಾಚಿ ನಿಂತಳು. ಬಿಟ್ಟಾಗ ಮೆತ್ತನೆಯ ಬೂದಿ ಬಣ್ಣದಲ್ಲಿ ಅವಳ ಹೆಬ್ಬೆರಳಿನ ಗೆರೆ, ಮಡಿಕೆ ಎಲ್ಲ ಒತ್ತಿತ್ತು. ಗಟ್ಟಿಯಾದ ಮೇಲೆ ಆಚಾರ್ರು ಉಪ್ಪು ಕಾಗದ ಹಾಕಿ ಚೂಪು ಅಂಚುಗಳನ್ನು ಮಾತ್ರ ತಿಕ್ಕಿದರು. ಪಾಲಿಶ್ ಬೇಡ ಅಂದೆ. ಬೆವರಿದರೆ ಜಾರುತ್ತದೆ, ಒರಟಾಗಿರಲಿ.

ಕೂಲಿ ಕೇಳಿದರೆ ಕೊಟ್ಟಷ್ಟು ಕೊಡಿ ಅಂದರು. ಒಂದು ಗುಂಪು ಮಸಾಲೆ ದೋಸೆ ತಿನ್ನೋಕೆ ಆಗುವಷ್ಟು ಕೊಟ್ಟೆವು, ಅವರು ಅದರಲ್ಲೂ ಸ್ವಲ್ಪ ವಾಪಸ್ ಕೊಟ್ಟರು.

ಎಡಕ್ಕೆ ಹೋಗುವುದು ನಿಂತಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅವಳು ಕೈ ಎತ್ತಿದಾಗಲೆಲ್ಲ ಗುರಿಕಡ್ಡಿ ತಾನಾಗೇ ಗಂಡಿಯ ನಡುವೆ ಬಂದು ಕೂರೋಕೆ ಶುರುವಾಯಿತು. ಪಂದ್ಯದಲ್ಲಿ 60 ಗುಂಡು ಹೊಡೆಯಬೇಕು. ಅರವತ್ತು ಸಲ ಕೈ ಎತ್ತಿದಾಗಲೂ ಮಣಿಕಟ್ಟಿನಿಂದ ತಿರುಚಿ ಸರಿಮಾಡಿಕೊಳ್ಳಬೇಕಾದರೆ ನಲವತ್ತಕ್ಕೆ ಕೈ ಸೋತಿರುತ್ತದೆ. ಹಿಡಿ ಸರಿ ಇದ್ದರೆ ಆ ಕೆಲಸವನ್ನು ಮರ ಮಾಡುತ್ತದೆ. ಪಿಸ್ತೂಲಿಗೆ ಏನಾದರೂ ಮಾಡಿಸಬೇಕು ಅಂದರೆ ಮೊದಲು ಇದನ್ನು ಮಾಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ದುಬಾರಿ ಪಿಸ್ತೂಲು ಕೊಂಡವರೂ ಮೊದಲ ವಾರ ಮಾಡುವ ಕೆಲಸ ಇದೇ, ವಾಲ್‌ನಟ್ ಮರದ ಹಿಡಿಗೆ ಪುಟ್ಟಿ ಮೆತ್ತಿಕೊಂಡು ಅರ ಹಾಕುತ್ತಾರೆ.

ವೈಸಿಗೆ ಕಟ್ಟಿ ನೋಡಿದ್ದು

ಎರಡನೆಯದು ಪೆಲೆಟ್. ಇದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಪಿಸ್ತೂಲಿಗೆ ಆರು ಸಾವಿರ ಕೊಟ್ಟವರು ಪೆಲೆಟ್ ಮಾತ್ರ ಅಂಗಡಿಯವನು ಕೊಟ್ಟದ್ದನ್ನು ತರುತ್ತಾರೆ. ಒಂದು ಭಾನುವಾರ ಗೆಳೆಯನ ಲೇತ್ ಅಂಗಡಿ ಮುಚ್ಚಿದ್ದಾಗ ಅಲ್ಲಿಯೇ ಒಂದು ಪರೀಕ್ಷೆ ಮಾಡಿದೆವು. ಅಂಗಡಿ ಉದ್ದ ಸರಿಯಾಗಿ ಸಾಕಾಗುತ್ತಿತ್ತು, ಕೊನೆಯಲ್ಲಿ ಹಳೇ ಬಟ್ಟೆ ತುಂಬಿದ ದಪ್ಪ ತಗಡಿನ ಡಬ್ಬ, ಶಟರ್ ಇಳಿಸಿ ಒಳಗಿದ್ದವರೆಲ್ಲ ಕನ್ನಡಕ ಹಾಕಿಕೊಂಡು ಹಿಂದೆ ನಿಂತೆವು. ಪಿಸ್ತೂಲಿನ ಸುತ್ತ ಸೈಕಲ್ ಟ್ಯೂಬಿನ ತುಂಡು ಸುತ್ತಿ ವೈಸಿಗೆ, ಅಂದರೆ ಮೇಜಿನ ಮೇಲೆ ಸಾಮಾನು ಅಲುಗದಂತೆ ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಕೆಗೆ, ಬಿಗಿದೆವು. ಸ್ಪ್ರಿಂಗ್ ಪಿಸ್ತೂಲು ವೈಸಿನಲ್ಲಿ ಒಂದು ತರ, ಕೈಯಲ್ಲಿ ಇನ್ನೊಂದು ತರ ವರ್ತಿಸುತ್ತದೆ, ನಿಜ. ಆದರೆ ಪೆಲೆಟ್ಟನ್ನು ಪೆಲೆಟ್ಟಿಗೆ ಹೋಲಿಸೋಕೆ ಇಷ್ಟು ಸಾಕು.

ಮೊದಲು ಅಗ್ಗದ ಡಬ್ಬದ ಪೆಲೆಟ್. ಕೈಗೆ ಸುರಿದುಕೊಂಡು ನೋಡಿದರೇ ಕಾಣುತ್ತಿತ್ತು, ಕೆಲವದರ ಹಿಂಬದಿಯ ಲಂಗ ಚಪ್ಪಟೆಯಾಗಿತ್ತು, ಕೆಲವದರ ತಲೆಯ ಮೇಲೆ ಸೀಸದ ಎಳೆ ಉಳಿದಿತ್ತು. ನಳಿಗೆಗೆ ಹಾಕುವಾಗ ಒಂದು ಸಲೀಸಾಗಿ ಒಳಗೆ ಬೀಳುತ್ತಿತ್ತು, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಬೇಕಿತ್ತು. ಕಾಗದದ ಮೇಲೆ ತೂತುಗಳು ಅಂಗೈಯಗಲ ಚೆಲ್ಲಿದವು. ಅದೇ ಪಿಸ್ತೂಲು, ಅದೇ ವೈಸು. ಆಮೇಲೆ ಪಂದ್ಯದ ಚಪ್ಪಟೆ ತಲೆ ಪೆಲೆಟ್, ಜರ್ಮನಿಯದು, ಡಬ್ಬದ ಮೇಲೆ ತಲೆಯ ಅಳತೆ 4.50 ಅಂತ ಬರೆದಿದ್ದು. ಹೊಡೆದದ್ದೆಲ್ಲ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಚಪ್ಪಟೆ ತಲೆಯಾದ್ದರಿಂದ ತೂತೂ ದುಂಡಗೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. 4.49ರ ಡಬ್ಬ ಈ ನಳಿಗೆಗೆ ಅಷ್ಟು ಒಗ್ಗಲಿಲ್ಲ. ನಿಮ್ಮ ನಳಿಗೆಗೆ ಅದೇ ಒಗ್ಗಬಹುದು, ಹೊಡೆದೇ ನೋಡಬೇಕು.

ಆ ಕಾಗದ ನೋಡಿದಾಗ ನನಗೆ ನಿಜವಾಗಿ ಖುಷಿಯಾಯಿತು. ನಾವೆಲ್ಲ ಇಷ್ಟು ದಿನ ಬೈದ ಪಿಸ್ತೂಲಿನ ನಳಿಗೆ ಕೆಟ್ಟದ್ದಲ್ಲ. ಹುಡುಗಿಯ ಕೈ ಒಂಬತ್ತು ಎಂಟು ಹೊಡೆಯುವ ಮಟ್ಟದಲ್ಲಿದ್ದರೆ ಈ ನಳಿಗೆ ಅವಳಿಗಿಂತ ಮುಂದಿದೆ, ಸದ್ಯಕ್ಕೆ. ಕಲಿಯುವವರಿಗೆ ಬೇಕಾದದ್ದು ಇಷ್ಟೇ ಅಲ್ವಾ? ತಪ್ಪು ಯಾರದು ಅಂತ ಗೊತ್ತಾಗಬೇಕು. ಒಳ್ಳೆ ಪೆಲೆಟ್ ಹಾಕಿದ ಮೇಲೆ ಏಳು ಬಿದ್ದರೆ ಅದು ಬೆರಳಿನದೇ ಏಳು ಅಂತ ಮಗು ನಂಬುತ್ತದೆ, ಅಲ್ಲಿಂದ ಕಲಿಕೆ ಶುರುವಾಗುತ್ತದೆ.

(ಪೆಲೆಟ್ ಸೀಸದ್ದು. ಬಾಯಲ್ಲಿ ಇಟ್ಟುಕೊಂಡು ಲೋಡ್ ಮಾಡುವ ಮಕ್ಕಳನ್ನು ನೋಡಿದ್ದೇನೆ. ದಯವಿಟ್ಟು ಬಿಡಿಸಿ. ಹೊಡೆದು ಮುಗಿಸಿ ಕೈ ತೊಳೆಯದೆ ಮಂಡಕ್ಕಿ ತಟ್ಟೆಗೆ ಕೈ ಹಾಕೋದೂ ಬೇಡ.)

ಕೈ ಹಾಕಬಾರದ ಕಡೆ

ಹಿಡಿ, ಪೆಲೆಟ್, ಬೇಕಾದರೆ ಮುಂದಿನ ಗುರಿಕಡ್ಡಿಯ ಅಗಲ. ಇಷ್ಟಕ್ಕೆ ನಿಲ್ಲಿಸಿ. ಇದರಾಚೆ ವಿಡಿಯೋಗಳಲ್ಲಿ ತೋರಿಸುವುದು ಬಹಳ ಇದೆ. ಸ್ಪ್ರಿಂಗ್ ಬದಲಾಯಿಸಿ ಜೋರು ಮಾಡುವುದು ಮೊದಲನೆಯದು. ಕಾಗದಕ್ಕೆ ತೂತು ಹಾಕೋಕೆ ಜೋರು ಯಾಕೆ ಬೇಕು? ಜೋರು ಮಾಡಿದಷ್ಟೂ ಒದೆತ ಜಾಸ್ತಿ, ಒದೆತ ಜಾಸ್ತಿಯಾದಷ್ಟೂ ಗುರಿ ಹಾಳು. ಒಳಗಿನ ಟ್ರಿಗರ್ ಕೊಂಡಿಯನ್ನು ಉಜ್ಜಿ ಹಗುರ ಮಾಡುವುದು ಇನ್ನೊಂದು. ಇದು ಅಪಾಯ. ಕೊಂಡಿ ಅರ್ಧಂಬರ್ಧ ಹಿಡಿದುಕೊಂಡರೆ ನಳಿಗೆ ಮಡಚುವಾಗಲೇ ಬಿಟ್ಟುಬಿಡಬಹುದು, ಬೆರಳು ಹೋಗುತ್ತದೆ. ತಯಾರಕರು ಹೊರಗಡೆ ತಿರುಪು ಕೊಟ್ಟಿದ್ದರೆ ಅದನ್ನು ತಿರುಗಿಸಿ, ಇಲ್ಲದಿದ್ದರೆ ಬಿಡಿ. ಲೇಸರ್, ಚುಕ್ಕಿ ತೋರಿಸುವ ಗಾಜು, ಇವು ಪಂದ್ಯದಲ್ಲಿ ನಡೆಯುವುದೇ ಇಲ್ಲ. ಅಲ್ಲಿ ಬರೀ ಕಡ್ಡಿ ಮತ್ತು ಗಂಡಿ. ಅದಕ್ಕೆ ದುಡ್ಡು ಹಾಕಿ ಕಲಿತ ಮಗು ಮತ್ತೆ ಮೊದಲಿಂದ ಕಲಿಯಬೇಕು.

ಅಸಲಿ ಪಿಸ್ತೂಲಿನಂತೆಯೇ ಕಾಣುವ, ಗ್ಯಾಸ್ ಗುಳಿಗೆ ಹಾಕುವ ಸಿಒ2 ಪಿಸ್ತೂಲುಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕು. ಗುರಿ ಕಲಿಯೋಕೆ ಅದು ಬೇಡ. ಬಹಳಷ್ಟರ ನಳಿಗೆ ಒಳಗೆ ನುಣುಪು, ಗುಂಡು ತಿರುಗಿಸುವ ಗೀರುಗಳೇ ಇರುವುದಿಲ್ಲ. ಉಕ್ಕಿನ ಗೋಲಿ ಗಟ್ಟಿಗೆ ತಾಗಿದರೆ ವಾಪಸ್ ಮುಖಕ್ಕೇ ಬರುತ್ತದೆ. ಜೊತೆಗೆ ನಮ್ಮ ಹವೆ. ಸಿಒ2 ಒತ್ತಡ 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ದಾಟುವ ಹೊತ್ತಿಗೆ 70 ಮೀರುತ್ತದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನ ಎಷ್ಟಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಬೆಳಿಗ್ಗೆ ಸರಿಮಾಡಿಕೊಂಡ ಗುರಿ ಮಧ್ಯಾಹ್ನಕ್ಕೆ ಸರಿ ಇರುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡದು, ಹದಿನೈದರ ಹುಡುಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಪೊಲೀಸರಿಗೆ ಅಸಲಿಯೋ ನಕಲಿಯೋ ದೂರದಿಂದ ಹೇಗೆ ಗೊತ್ತಾಗಬೇಕು?

ಎಲ್ಲಿಯ ತನಕ

ಹಾಗಾದರೆ ಅಗ್ಗದ ಪಿಸ್ತೂಲು ಸಾಕಾ? ಒಂದು ಹಂತದ ತನಕ ಸಾಕು. ಆ ಹಂತ ಬಂತು ಅಂತ ತಿಳಿಯುವುದು ಹೇಗೆ ಅಂದರೆ, ಮಗು "ಇದು ನನ್ನ ತಪ್ಪಲ್ಲ" ಅಂದಾಗ ಅದು ನಿಜ ಆಗೋಕೆ ಶುರುವಾದಾಗ. ಕಡ್ಡಿ ನಡುವೆ ಇತ್ತು, ಬೆರಳು ನೇರ ಬಂತು, ಆದರೂ ಎಂಟು. ಆಗ ಹೆವಿ ಟ್ರಿಗರಿನೊಂದಿಗೆ ಹೊಡೆದಾಡಿಸುತ್ತಾ ಕೂತರೆ ಬೆರಳಿಗೆ ಜಗ್ಗುವ ಚಟ ಹತ್ತುತ್ತದೆ. ಆಮೇಲೆ ಅದನ್ನು ಬಿಡಿಸೋದು ಕಷ್ಟ. ಇನ್ನೊಂದು ಕೊರತೆ ಒಣ ಅಭ್ಯಾಸದ್ದು. ದೊಡ್ಡ ಶೂಟರುಗಳು ಮನೆಯಲ್ಲಿ ಖಾಲಿ ಗೋಡೆಯ ಮುಂದೆ ನಿಂತು ಗುಂಡಿಲ್ಲದೆ ಟ್ರಿಗರ್ ಎಳೆಯುತ್ತಾರೆ, ತರಬೇತಿಯ ದೊಡ್ಡ ಪಾಲು ಅದೇ. ಪಂದ್ಯದ ಪಿಸ್ತೂಲಿನಲ್ಲಿ ಅದಕ್ಕೆಂದೇ ಒಂದು ಗುಂಡಿ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಬಿಟ್ಟರೆ ಪಿಸ್ಟನ್ ತಡೆಯಿಲ್ಲದೆ ಹೋಗಿ ಅಪ್ಪಳಿಸಿ ಸೀಲು ಹರಿಯುತ್ತದೆ.

ಆ ಹಂತದಲ್ಲಿ ಅಗ್ಗದ್ದಕ್ಕೆ ಇನ್ನೂ ದುಡ್ಡು ಸುರಿಯುವುದು ತಪ್ಪು ಅಂತ ನನ್ನ ಗಟ್ಟಿ ನಂಬಿಕೆ. ಸ್ಪ್ರಿಂಗ್ ಪಿಸ್ತೂಲಿಗೆ ಏನು ಹಾಕಿದರೂ ಅದು ಸಿಲಿಂಡರ್ ಪಿಸ್ತೂಲು ಆಗುವುದಿಲ್ಲ. ಹ್ಯಾಮರ್ಲಿ ಎಪಿ20 ತರದ, ಪಂದ್ಯಕ್ಕೇ ಮಾಡಿದ ಆದರೆ ದೊಡ್ಡ ಹೆಸರುಗಳಿಗಿಂತ ಸಾಕಷ್ಟು ಕಡಿಮೆ ಬೆಲೆಯ ಪಿಸ್ತೂಲು ನೋಡಿ. ಇಲ್ಲವೇ ಸೆಕೆಂಡ್ ಹ್ಯಾಂಡ್. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಲ್ಲರೂ ನಳಿಗೆ ಇಣುಕಿ ನೋಡುತ್ತಾರೆ, ಸಿಲಿಂಡರ್ ಮೇಲೆ ಹೊಡೆದಿರುವ ತಾರೀಕು ನೋಡುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ 10 ವರ್ಷದ ವಾಯಿದೆ. ಮುಗಿದಿದ್ದರೆ ಪಂದ್ಯಕ್ಕೆ ಬಿಡುವುದಿಲ್ಲ, ಇಟ್ಟುಕೊಳ್ಳುವುದೂ ಕ್ಷೇಮ ಅಲ್ಲ, ಹೊಸ ಸಿಲಿಂಡರಿನ ಬೆಲೆ ಸೇರಿಸಿ ಚೌಕಾಸಿ ಮಾಡಿ. ಸೀಲು ಹೋದರೆ ನಮ್ಮೂರಲ್ಲಿ ರಿಪೇರಿಯವರಿಲ್ಲ, ಬೆಂಗಳೂರಿಗೋ ಇನ್ನೂ ದೂರಕ್ಕೋ ಕಳಿಸಬೇಕು ಅನ್ನೋದೂ ಲೆಕ್ಕದಲ್ಲಿರಲಿ. ದುಬಾರಿಯದು ಕೆಡುವುದೇ ಇಲ್ಲ ಅಂತೇನಿಲ್ಲ. 2021ರಲ್ಲಿ ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲನ್ನು ಹೊಡೆಯೋಕೆ ಸಜ್ಜು ಮಾಡುವ ಕಾಕಿಂಗ್ ಲಿವರ್ ಮುರಿದು, ಅಮೂಲ್ಯ ಸಮಯ ಹೋಗಿ, 575 ಅಂಕಕ್ಕೆ ನಿಂತು ಫೈನಲ್ ತಪ್ಪಿದ್ದು ನೆನಪಿದೆಯಲ್ಲ.

ಇನ್ನು ದುಡ್ಡಿನ ಮಾತು. ಒಬ್ಬೊಬ್ಬರಿಗೆ ಒಂದೊಂದು ಪಂದ್ಯದ ಪಿಸ್ತೂಲು ಕೊಡಿಸುವ ಶಕ್ತಿ ನಮ್ಮ ಗೋಡೌನಿಗೆ ಬರುವ ಯಾವ ಮನೆಗೂ ಇಲ್ಲ. ಕರ್ನಾಟಕದಿಂದ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು. ಅವರು ಬೆಂಗಳೂರಿನವರು, ಮನೆಯಲ್ಲಿ ತಂದೆಯೇ ಶೂಟರ್. ಅಂಥ ಮನೆ ಇಲ್ಲದ ಊರಿನಲ್ಲಿ ದಾರಿ ಬೇರೆ ಹುಡುಕಬೇಕು. ಆಚಾರ್ರ ಅಂಗಡಿಯ ಕೆಲಸ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಪಂದ್ಯದ ಪಿಸ್ತೂಲಿನ ಹಿಡಿ ಬೇರೆಯಾಗಿಯೇ ಸಿಗುತ್ತದೆ, ಸಣ್ಣ, ಮಧ್ಯಮ, ದೊಡ್ಡ ಅಳತೆಯಲ್ಲಿ, ಎಡಗೈಗೆ ಬಲಗೈಗೆ ಅಂತ. ಒಂದೆರಡು ಸ್ಕ್ರೂ ಬಿಚ್ಚಿದರೆ ಒಂದು ಹೋಗಿ ಇನ್ನೊಂದು ಕೂರುತ್ತದೆ. ಅಂದರೆ ನಿಜವಾಗಿ ಒಬ್ಬರ ಸ್ವಂತದ್ದು ಆಗಬೇಕಾದದ್ದು ಹಿಡಿ ಮಾತ್ರ. ಮಿಕ್ಕಿದ ಯಂತ್ರವನ್ನು ಹಂಚಿಕೊಳ್ಳಬಹುದು. ನಾಲ್ಕು ಮನೆ ಸೇರಿ ಒಂದು ಪಿಸ್ತೂಲು ಕೊಂಡು, ಮಕ್ಕಳಿಗೆ ನಾಲ್ಕು ಹಿಡಿ ಮಾಡಿಸಿದರೆ ಒಂದು ಮನೆಯ ಪಾಲು ಬೈಕಿನ ಬೆಲೆಗಿಂತ ಕಡಿಮೆ ಬರುತ್ತದೆ. ಹಿಡಿ ಬದಲಾಯಿಸಿದಾಗ ಗುರಿ ತಿರುಪನ್ನು ಎಷ್ಟು ತಿರುಗಿಸಬೇಕು ಅಂತ ಪ್ರತಿ ಮಗುವೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಗಿಯಿತು.

ಈ ಮಾತನ್ನು ಹುಡುಗಿಯ ಅಪ್ಪನ ಮುಂದೆ ಇಟ್ಟಾಗ ಅವರು ಕೇಳಿದ್ದು ಒಂದೇ, "ಬೀಗದ ಕೈ ಯಾರ ಹತ್ರ ಇರುತ್ತೆ ಸರ್?" ಸರಿಯಾದ ಪ್ರಶ್ನೆ. ಕಬ್ಬಿಣದ ಬೀರು ಗೋಡೌನಿನಲ್ಲೇ ಇರಲಿ, ಬೀಗದ ಕೈ ದೊಡ್ಡವರಲ್ಲಿ ಇಬ್ಬರ ಹತ್ತಿರ ಮಾತ್ರ ಇರಲಿ, ಮನೆಗೆ ಯಾರೂ ಒಯ್ಯೋದು ಬೇಡ, ರಿಪೇರಿ ಖರ್ಚು ನಾಲ್ಕು ಪಾಲು ಅಂತ ಮಾತಾಗಿದೆ. ಮೂರು ಮನೆ ಒಪ್ಪಿವೆ. ನಾಲ್ಕನೆಯವರು ಮೆಕ್ಕೆಜೋಳದ ದುಡ್ಡು ಕೈಗೆ ಬರಲಿ ಅಂದಿದ್ದಾರೆ. ಅಲ್ಲಿಯ ತನಕ ಮಕ್ಕಳು ಸಾಗುವಾನಿ ಹಿಡಿಯ ಅಗ್ಗದ ಪಿಸ್ತೂಲಿನಲ್ಲೇ ಹೊಡೆಯುತ್ತಿರುತ್ತಾರೆ.